ಎರಡು ಹಾಜರಿ ಪುಸ್ತಕ

ನಮ್ಮ ಶಾಲೆಯಲ್ಲಿ ಕಚೇರಿ ಎಂದು ಕರೆಯಬಹುದಾದ ಒಂದು ಮೂಲೆ ಇದೆ. ಅಲ್ಲಿನ ಮೇಜಿನ ಮೇಲೆ ಎರಡು ಹಾಜರಿ ಪುಸ್ತಕಗಳಿವೆ. ಒಂದು ಅಚ್ಚಾದ ಮನೆಗಳಿರುವ, ಗಟ್ಟಿ ರಟ್ಟಿನ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿದ ಪುಸ್ತಕ. ಅದರಲ್ಲಿರುವುದು ನನ್ನೊಬ್ಬಳ ಹೆಸರು. ಇನ್ನೊಂದು ಅಂಗಡಿಯಿಂದ ತಂದ ನೂರು ಪುಟದ ಉದ್ದ ನೋಟ್‌ಬುಕ್. ಪ್ರತಿ ತಿಂಗಳು ಶುರುವಾಗುವ ಮುಂಚೆ ನಾನೇ ಸ್ಕೇಲು ಇಟ್ಟು ಅದರಲ್ಲಿ ಮನೆಗಳನ್ನು ಎಳೆದು, ಮೇಲೆ ‘ಅತಿಥಿ ಶಿಕ್ಷಕರ ಹಾಜರಿ’ ಎಂದು ಬರೆಯುತ್ತೇನೆ. ಅದರಲ್ಲೂ ಇರುವುದು ಒಂದೇ ಹೆಸರು. ಇಡೀ ಶಾಲೆಗೆ ಇರುವ ಶಿಕ್ಷಕರೇ ನಾವಿಬ್ಬರು. ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತೇವೆ, ಎಷ್ಟೋ ದಿನ ಒಂದೇ ಪೆನ್ನಿನಿಂದ ಸಹಿ ಮಾಡುತ್ತೇವೆ, ಆದರೆ ನಮ್ಮಿಬ್ಬರ ಸಹಿಗಳು ಒಂದೇ ಹಾಳೆಯ ಮೇಲೆ ಈ ತನಕ ಬಿದ್ದಿಲ್ಲ.

ಶಾಲೆ ಇರುವುದು ಜಗಳೂರು ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಇಲ್ಲಿ ಬೇಡ. ಒಂದರಿಂದ ಐದನೇ ತರಗತಿಯವರೆಗಿನ ಕಿರಿಯ ಪ್ರಾಥಮಿಕ ಶಾಲೆ, ಮಕ್ಕಳ ಸಂಖ್ಯೆ 58. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕವಾದ್ದರಿಂದ ಕಾಗದದ ಮೇಲೆ ನಮಗೆ ಕೊರತೆ ಏನೂ ಇಲ್ಲ. ನನ್ನ ಜೊತೆಗಿದ್ದ ಕಾಯಂ ಶಿಕ್ಷಕರು ಕೌನ್ಸೆಲಿಂಗ್‌ನಲ್ಲಿ ತಮ್ಮ ಊರಿನ ಹತ್ತಿರಕ್ಕೆ ವರ್ಗವಾಗಿ ಹೋದರು. ಆ ಜಾಗಕ್ಕೆ ಕಾಯಂ ಆಗಿ ಯಾರೂ ಬರಲಿಲ್ಲ, ಅತಿಥಿ ಶಿಕ್ಷಕಿ ಬಂದರು. ಈಗ ಅವರಿಗೆ ಇಲ್ಲಿ ಐದನೇ ವರ್ಷ. ಮುಖ್ಯ ಶಿಕ್ಷಕರ ಪ್ರಭಾರವೂ ನನ್ನ ಮೇಲೇ ಇದೆ. ಮಕ್ಕಳು ನನ್ನನ್ನು ದೊಡ್ಡ ಮಿಸ್ ಎಂದೂ ಅವರನ್ನು ಸಣ್ಣ ಮಿಸ್ ಎಂದೂ ಕರೆಯುತ್ತಾರೆ. ಎತ್ತರದಲ್ಲಿ ಅವರು ನನಗಿಂತ ಒಂದು ಗೇಣು ಜಾಸ್ತಿ ಇದ್ದಾರೆ. ಮಕ್ಕಳು ಯಾವ ಅಳತೆಯಿಂದ ಈ ಹೆಸರಿಟ್ಟರೋ ತಿಳಿಯದು.

ನಾನು ದಾವಣಗೆರೆಯಿಂದ ಆಣಜಿ, ಬಿಳಿಚೋಡಿನ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹದಿನೇಳು ವರ್ಷಗಳಿಂದ ಈ ಬಸ್ಸಿನಲ್ಲಿ ಕೇಳುತ್ತಿರುವ ಮಾತು ಒಂದಿದೆ. ಮಾರುಕಟ್ಟೆಗೆ ಮೆಕ್ಕೆಜೋಳ ಹಾಕಿ ಬಂದ ರೈತರು, ಕೋರ್ಟಿಗೆ ಅಲೆದು ಬಂದವರು, ಪಕ್ಕದ ಸೀಟಿನಲ್ಲಿ ಕುಳಿತು ಊರು ಕೇರಿ ವಿಚಾರಿಸಿದ ಮೇಲೆ, “ನಿಮಗೇನ್ರೀ ಮೇಡಂ, ತಿಂಗಳಾದ್ರೆ ಸಂಬಳ ಬೀಳುತ್ತೆ, ಎರಡು ತಿಂಗಳು ರಜೆ ಬೇರೆ” ಎನ್ನುತ್ತಾರೆ. ಮಳೆ ಕೈಕೊಟ್ಟರೆ ಬಿತ್ತಿದ ಬೀಜದ ದುಡ್ಡೂ ಹುಟ್ಟದ ತಾಲ್ಲೂಕಿನಲ್ಲಿ, ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರಿಗಾಗಿ ವರ್ಷಗಟ್ಟಲೆ ಕಾದು ಕುಳಿತವರ ಬಾಯಿಂದ ಬರುವ ಈ ಮಾತಿಗೆ ನಾನು ಎದುರಾಡುವುದಿಲ್ಲ. ಅವರು ಹೇಳುವುದು ನನ್ನ ಮಟ್ಟಿಗೆ ನಿಜ. ಎಷ್ಟೋ ದಿನ ಅದೇ ಬಸ್ಸಿನಲ್ಲಿ ಅರ್ಧ ದಾರಿಯಲ್ಲಿ ಹತ್ತಿ ನನ್ನ ಪಕ್ಕದಲ್ಲೇ ನಿಲ್ಲುವ ಸಣ್ಣ ಮಿಸ್‌ಗೆ ಅದು ಸುಳ್ಳು ಎಂಬುದು ಆ ರೈತರಿಗೆ ತಿಳಿದಿರುವುದಿಲ್ಲ. ಅವರ ಕಣ್ಣಿಗೆ ಇಬ್ಬರೂ ಇಸ್ಕೂಲ್ ಟೀಚರಮ್ಮಂದಿರೇ.

ಲೆಕ್ಕ ಹೇಳಿಬಿಡುತ್ತೇನೆ, ಶಿಕ್ಷಕರು ಸಂಬಳದ ವಿಷಯವನ್ನು ಸುತ್ತಿ ಬಳಸಿ ಮಾತಾಡುವುದು ನನಗೆ ಹಿಡಿಸುವುದಿಲ್ಲ. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ರಾಜ್ಯದಲ್ಲಿ ಹೊಸದಾಗಿ ಸೇರುವ ಪ್ರಾಥಮಿಕ ಶಾಲಾ ಶಿಕ್ಷಕರ ಮೂಲವೇತನವೇ 41,300 ರೂಪಾಯಿ. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ನನ್ನದು ಹದಿನೇಳು ವರ್ಷದ ಸೇವೆ. 2006ರ ಏಪ್ರಿಲ್ ನಂತರ ಸೇರಿದವಳಾದ್ದರಿಂದ ಹಳೆಯ ಪಿಂಚಣಿ ನನಗಿಲ್ಲ, ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಗೆ ಪ್ರತಿ ತಿಂಗಳೂ ಹತ್ತರಲ್ಲಿ ಒಂದು ಪಾಲು ಕಡಿತವಾಗುತ್ತದೆ. ಇದು ನಮ್ಮ ಪೀಳಿಗೆಯ ದೊಡ್ಡ ಕೊರಗು, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಎಲ್ಲ ಕಡಿತ ಕಳೆದೂ ನನ್ನ ಕೈಗೆ ಬರುವುದು ಸಣ್ಣ ಮಿಸ್ ಪಡೆಯುವುದರ ಐದು ಪಟ್ಟು. ಅವರಿಗೆ ತಿಂಗಳಿಗೆ 10,000 ರೂಪಾಯಿ ಇತ್ತು. 2025ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿಸಿದ ಮೇಲೆ 12,000 ಆಗಿದೆ. ಹೈಸ್ಕೂಲಿನ ಅತಿಥಿ ಶಿಕ್ಷಕರಿಗೆ ಐನೂರು ಹೆಚ್ಚು. ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಮುಖ್ಯ ಅಡುಗೆಯವರಿಗೆ ಅದೇ ಬಜೆಟ್ಟಿನ ಏರಿಕೆ ಸೇರಿ 4,700. ಶಾಲೆಯಲ್ಲಿ ನಾವು ಮೂವರು ಹೆಂಗಸರು ದಿನವಿಡೀ ಒಟ್ಟಿಗೆ ಇರುತ್ತೇವೆ, ಒಂದೇ ಸಾರು ಉಣ್ಣುತ್ತೇವೆ. ತಿಂಗಳ ಕೊನೆಯಲ್ಲಿ ಮಾತ್ರ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

‘ಅತಿಥಿ’ ಎಂಬ ಪದವನ್ನು ನಾಲ್ಕನೇ ತರಗತಿಗೆ ಬಿಡಿಸಿ ಹೇಳಬೇಕಾಗಿ ಬಂದಾಗ ನನಗೇ ನಾಲಿಗೆ ತಡವರಿಸಿತು. ತಿಥಿ ಗೊತ್ತಿಲ್ಲದೆ, ಹೇಳದೆ ಕೇಳದೆ ಬಂದವರು ಅತಿಥಿ ಎಂದು ದೊಡ್ಡವರು ಅರ್ಥ ಹೇಳುತ್ತಾರೆ. ನಮ್ಮ ಇಲಾಖೆಯಲ್ಲಿ ಅವರು ಬರುವುದಕ್ಕೂ ಹೋಗುವುದಕ್ಕೂ ತಿಥಿ ಇದೆ, ತಿಥಿ ಇಲ್ಲದಿರುವುದು ಅವರ ಹಣಕ್ಕೆ. ಅನುದಾನ ಬಿಡುಗಡೆಯಾಗಿಲ್ಲ ಎಂಬ ಕಾರಣಕ್ಕೆ ಎರಡು, ಮೂರು ತಿಂಗಳದ್ದು ಒಟ್ಟಿಗೆ ಬಂದ ವರ್ಷಗಳನ್ನು ನಾನು ನೋಡಿದ್ದೇನೆ. ಆ ಹಣಕ್ಕೆ ‘ಗೌರವಧನ’ ಎಂದು ಹೆಸರು. ಹಿಂದೆ, ಸರ್ಕಾರಿ ಶಾಲೆಗಳು ಹಳ್ಳಿಗೆ ಬರುವ ಮೊದಲು, ನಮ್ಮ ಊರುಗಳಲ್ಲಿ ಐಗಳು, ಅಂದರೆ ಊರ ಉಪಾಧ್ಯಾಯರು, ನಡೆಸುತ್ತಿದ್ದ ಕೂಲಿಮಠಗಳಿದ್ದವು. ಚಿತ್ರದುರ್ಗ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ ಶಿಕ್ಷಣಾಧಿಕಾರಿ ಬಿ.ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಆರಂಭವಾದದ್ದು 1868ರ ಸುಮಾರಿಗೆ. ಅದಕ್ಕೂ ಮೊದಲು, ಅದರ ಜೊತೆಜೊತೆಗೂ, ಮಕ್ಕಳಿಗೆ ಅಕ್ಷರ, ಮಗ್ಗಿ ಕಲಿಸಿದ್ದು ಈ ಮಠಗಳೇ. ಸುಗ್ಗಿಯಲ್ಲಿ ಇಷ್ಟು ಸೇರು ರಾಗಿ, ಜೋಳ ಎಂದು ಮನೆಮನೆಯಿಂದ ಐಗಳಿಗೆ ಸಲ್ಲುತ್ತಿತ್ತು. ಕಲಿಸುವುದಕ್ಕೆ ಕೂಲಿ ಎಂಬ ಮಾತು ಆ ಹೆಸರಿನಲ್ಲೇ ಇತ್ತು, ಯಾರಿಗೂ ಅದು ಅವಮಾನ ಎನಿಸಿರಲಿಲ್ಲ. ಕೂಲಿಯನ್ನು ಬಾಯಿ ಬಿಟ್ಟು ಕೇಳಬಹುದು, ತಡವಾದರೆ ಜಗಳ ತೆಗೆಯಬಹುದು. ಗೌರವಧನವನ್ನು ಕೊಟ್ಟಾಗ ಎರಡೂ ಕೈಯೊಡ್ಡಿ ತೆಗೆದುಕೊಳ್ಳಬೇಕು.

ನಮ್ಮ ಕಡೆ ಇನ್ನೊಂದು ಮಾತೂ ಬಳಕೆಯಲ್ಲಿದೆ. ಶರಣರ ನೆನಪು ದಟ್ಟವಾಗಿರುವ ನಾಡು ಇದು; ಸಭೆ ಸಮಾರಂಭಗಳಲ್ಲಿ ಶಿಕ್ಷಕರನ್ನು ಹೊಗಳುವವರು ‘ನಿಮ್ಮದು ಕಾಯಕ’ ಎಂದೇ ಆರಂಭಿಸುತ್ತಾರೆ. ಸೆಪ್ಟೆಂಬರ್ 5ರಂದು ತಾಲ್ಲೂಕು ಕೇಂದ್ರದ ವೇದಿಕೆಯಲ್ಲಿ ಆ ಮಾತು ಕೇಳುವಾಗ ನಾನು ಒಮ್ಮೆ ಪಕ್ಕಕ್ಕೆ ತಿರುಗಿ ಸಣ್ಣ ಮಿಸ್ ಎಲ್ಲಿದ್ದಾರೆಂದು ಹುಡುಕಿದ್ದೆ. ಅವರು ಬಂದಿರಲಿಲ್ಲ, ನಾನು ಸಮಾರಂಭದಲ್ಲಿದ್ದೆನಾದ್ದರಿಂದ ಅಂದು ಶಾಲೆಯನ್ನು ಅವರೊಬ್ಬರೇ ನೋಡಿಕೊಳ್ಳುತ್ತಿದ್ದರು. ಕಾಯಕದ ಮಾತನ್ನು ಮಾಡುವವರು ತಮ್ಮ ದುಡಿಮೆಯ ಬಗ್ಗೆ ಆಡಬೇಕು. ಇನ್ನೊಬ್ಬರ ಸಂಬಳ ಕಡಿಮೆಯಿದ್ದಾಗ ಅದನ್ನು ಮುಚ್ಚುವ ಬಟ್ಟೆಯನ್ನಾಗಿ ಆ ಮಾತನ್ನು ಬಳಸಿದರೆ ನನಗೆ ಸಂಕಟವಾಗುತ್ತದೆ.

‘ಹಿಂದೆ ಮೇಷ್ಟ್ರಿಗೆ ಎಷ್ಟು ಗೌರವ ಇತ್ತು’ ಎಂದು ಹೇಳುವವರ ಗುಂಪಿಗೂ ನಾನು ಸೇರಲಾರೆ. ನಮ್ಮ ತಂದೆ ಹೊಸದುರ್ಗ ತಾಲ್ಲೂಕಿನಲ್ಲಿ ಮೇಷ್ಟ್ರಾಗಿದ್ದವರು, ಎಪ್ಪತ್ತರ ದಶಕದ ಆರಂಭದಲ್ಲಿ ಏಕೋಪಾಧ್ಯಾಯ ಶಾಲೆಗೆ ಹೋದವರು. ಸಂಬಳ ನೂರು ಚಿಲ್ಲರೆ ರೂಪಾಯಿ. ಊರಿನ ಕಾಗದ ಓದುವವರು, ಅರ್ಜಿ ಬರೆಯುವವರು, ಮದುವೆ ಕರೆಯೋಲೆಯ ಕರಡು ತಿದ್ದುವವರು ಎಲ್ಲ ಅವರೇ. ಶೇಂಗಾ ಕಿತ್ತ ದಿನ ಶಾಲೆಯ ಜಗಲಿಯ ಮೇಲೆ ಬುಟ್ಟಿ ಬಂದು ಕೂರುತ್ತಿತ್ತು. ಇಷ್ಟನ್ನು ಅಪ್ಪ ಎಲ್ಲರಿಗೂ ಹೇಳುತ್ತಿದ್ದರು. ಮನೆಯವರಿಗೆ ಮಾತ್ರ ಹೇಳುತ್ತಿದ್ದ ಇನ್ನೊಂದು ಸಂಗತಿಯೆಂದರೆ, ಆ ಊರಿನಲ್ಲಿ ಅವರಿಗೆ ಎರಡು ವರ್ಷ ಬಾಡಿಗೆಗೆ ಮನೆ ಸಿಗಲಿಲ್ಲ. ಜಾತಿ ಕೇಳಿದ ಮೇಲೆ ಖಾಲಿ ಇದ್ದ ಮನೆಗಳಿಗೆಲ್ಲ ಯಾರೋ ನೆಂಟರು ಬರುವವರಿರುತ್ತಿದ್ದರು. ಅಪ್ಪ ಶಾಲೆಯೊಳಗೇ ಬೆಂಚು ಜೋಡಿಸಿ ಮಲಗಿದರು. ಮೇಷ್ಟ್ರೇ ಎಂದು ಬಹುವಚನದಲ್ಲಿ ಕರೆಯುತ್ತಿದ್ದ ಬಾಯಿಗಳೇ ನೀರನ್ನು ಎತ್ತರದಿಂದ ಹೊಯ್ಯಲು ಹೇಳುತ್ತಿದ್ದವು. ಅವರನ್ನು ಆ ಊರಿನಲ್ಲಿ ನಿಲ್ಲಿಸಿದ್ದು ಶೇಂಗಾದ ಬುಟ್ಟಿಯಲ್ಲ. ಕಡಿಮೆಯಾದರೂ ತಪ್ಪದೆ ಬರುತ್ತಿದ್ದ ಸಂಬಳ ಮತ್ತು ನಿವೃತ್ತಿಯ ನಂತರ ಬರಲಿದ್ದ ಪಿಂಚಣಿ. ಊರಿನ ದಯೆಯ ಹಂಗಿಲ್ಲದೆ ಬದುಕುವುದನ್ನು ಅವರಿಗೆ ಕೊಟ್ಟದ್ದು ಆ ಕಾಯಂ ಆದೇಶ. ಆದ್ದರಿಂದ ಶಿಕ್ಷಕರಿಗೆ ಬೇಕಾದದ್ದು ಹಣವಲ್ಲ ಗೌರವ ಎಂದು ಯಾರಾದರೂ ಹೇಳಿದಾಗ ನನಗೆ ಅಪ್ಪ ಮಲಗುತ್ತಿದ್ದ ಬೆಂಚು ನೆನಪಾಗುತ್ತದೆ.

ಇನ್ನು ನಮ್ಮ ದಿನ. ಪ್ರಾರ್ಥನೆ, ನಾಡಗೀತೆ, ಐದನೇ ತರಗತಿಯ ಒಂದು ಮಗು ಪತ್ರಿಕೆಯ ತಲೆಬರಹ ಓದುವುದು, ಇವು ಮುಗಿಯುವ ಹೊತ್ತಿಗೆ ಅಡುಗೆಯ ಅಮ್ಮ ಹಾಲಿನ ಪುಡಿ ಕದಡಿ ಬಿಸಿ ಮಾಡಿರುತ್ತಾರೆ. ಕ್ಷೀರಭಾಗ್ಯ 2013ರ ಆಗಸ್ಟ್‌ನಿಂದ ನಡೆದು ಬಂದದ್ದು, ಈಗ ವಾರದಲ್ಲಿ ಮೂರು ದಿನ ಅದರ ಜೊತೆ ರಾಗಿ ಮಾಲ್ಟ್. ಮಾಲ್ಟ್ ತಳ ಹಿಡಿಯದಂತೆ ಇಬ್ಬರು ತಿರುವಬೇಕು, ಆ ಎರಡನೆಯವಳು ನಾನು. ಆಮೇಲೆ ಮೊಟ್ಟೆ. 2024ರ ಸೆಪ್ಟೆಂಬರ್‌ನಿಂದ ವಾರದ ಆರು ದಿನವೂ ಮೊಟ್ಟೆ ಬಂದಿದೆ, ತಿನ್ನದವರಿಗೆ ಬಾಳೆಹಣ್ಣು. ನಮ್ಮ ಊರಿನಂಥ ಕಡೆ ಆ ಮೊಟ್ಟೆಯ ಬೆಲೆ ಏನೆಂದು ಸೋಮವಾರ ಬೆಳಿಗ್ಗೆ ಮಕ್ಕಳ ಮುಖ ನೋಡಿದವರಿಗೆ ಗೊತ್ತು. ಅದರ ವಿರುದ್ಧ ನಾನು ಒಂದಕ್ಷರವನ್ನೂ ಬರೆಯುವುದಿಲ್ಲ. ಆದರೆ ಮೊಟ್ಟೆ ತಾನಾಗಿ ನಡೆದು ಬರುವುದಿಲ್ಲ. ಅದನ್ನು ತರಬೇಕು, ಒಡೆದದ್ದನ್ನು ಲೆಕ್ಕ ಹಾಕಬೇಕು, ಬೇಯಿಸಿ ಸುಲಿಯಬೇಕು, ಯಾರು ತಿಂದರು, ಯಾರು ಬಾಳೆಹಣ್ಣು ತೆಗೆದುಕೊಂಡರು ಎಂದು ಬರೆಯಬೇಕು, ಸರ್ಕಾರ ಒಂದು ಮೊಟ್ಟೆಗೆ ಕೊಡುವ ಆರು ರೂಪಾಯಿಗೂ ಅಂಗಡಿಯವನು ಹೇಳುವ ಬೆಲೆಗೂ ನಡುವಿನ ಅಂತರವನ್ನು ಯಾರದೋ ಪರ್ಸಿನಿಂದ ತುಂಬಬೇಕು. ಬಿಸಿಯೂಟದ ಹಾಜರಿ ಮೊಬೈಲಿನಲ್ಲಿ ಹೋಗಬೇಕು. ಸ್ಯಾಟ್ಸ್ ಎಂಬ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಹೆಸರಿಗೂ ಆಧಾರ್‌ನ ಹೆಸರಿಗೂ ಒಂದು ಇನಿಷಿಯಲ್ ವ್ಯತ್ಯಾಸವಾದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ. ಅದನ್ನು ಸರಿಪಡಿಸಲು ತಾಯಿಯನ್ನು ಬ್ಯಾಂಕಿಗೆ, ನಾಡಕಚೇರಿಗೆ ಕಳಿಸಿ, ಆಕೆ ಕೂಲಿ ಕಳೆದುಕೊಂಡು ಬಂದು ಬೈಯುವುದನ್ನು ಕೇಳಬೇಕು. ಜಂತುಹುಳುವಿನ ಮಾತ್ರೆ, ಕಬ್ಬಿಣಾಂಶದ ಮಾತ್ರೆ, ಸಮವಸ್ತ್ರದ ಅಳತೆ, ಪ್ರತಿ ವರ್ಷ 58 ಜೋಡಿ ಪಾದಗಳ ಅಳತೆ. ಒಬ್ಬ ಹುಡುಗ ಅಳತೆ ಕೊಡುವಾಗ ಬೆರಳು ಮಡಚಿಕೊಂಡಿದ್ದರಿಂದ ಬೂಟು ಸಣ್ಣದಾಗಿ ಬಂತು. ಅದನ್ನು ಬದಲಾಯಿಸಲು ಜಗಳೂರಿಗೆ ಹೋದ ದಿನವೂ ನನ್ನ ಹಾಜರಿಯ ಮನೆಯಲ್ಲಿ ‘ಕರ್ತವ್ಯ’ ಎಂದೇ ಬರೆದಿದೆ.

ಈ ಎಲ್ಲವೂ ಪ್ರಭಾರ ಮುಖ್ಯ ಶಿಕ್ಷಕಿಯ ಕೆಲಸ. ಸಹಿ, ಪಾಸ್‌ವರ್ಡ್, ಜವಾಬ್ದಾರಿ ನನ್ನದು. ಅತಿಥಿ ಶಿಕ್ಷಕಿಗೆ ಇವು ಯಾವುದನ್ನೂ ಒಪ್ಪಿಸುವಂತಿಲ್ಲ. ಹಾಗಾಗಿ ನಾನು ಈ ಕೆಲಸಗಳಲ್ಲಿರುವಾಗ ನನ್ನ ನಾಲ್ಕು, ಐದನೇ ತರಗತಿಗಳು ನಡುವಿನ ಬಾಗಿಲು ದಾಟಿ ಅವರ ಕೋಣೆಯಲ್ಲಿ ಕೂರುತ್ತವೆ.

2025ನೇ ವರ್ಷವನ್ನಂತೂ ನಾನು ಮರೆಯುವಂತಿಲ್ಲ. ಮೇ ತಿಂಗಳಲ್ಲಿ, ಬೇಸಿಗೆ ರಜೆಯಲ್ಲೇ, ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಮನೆ ಮನೆ ಸಮೀಕ್ಷೆ. ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ. ಅರವತ್ತು ಪ್ರಶ್ನೆಗಳು, ವಿದ್ಯುತ್ ಮೀಟರ್ ನೋಡಿ ಮನೆಗೆ ಅಂಟಿಸಿದ ಚೀಟಿ, ಒಂದು ಆ್ಯಪ್. ಹಟ್ಟಿಯ ಕೊನೆಯ ಮನೆಯಲ್ಲಿ ನೆಟ್‌ವರ್ಕ್ ಸಿಗದೆ, ಮನೆಯ ಯಜಮಾನ, ಅವನ ಫೋನು ಮತ್ತು ನಾನು ಮೂವರೂ ನೀರಿನ ಟ್ಯಾಂಕಿನ ದಿಬ್ಬ ಹತ್ತಿ ಒಟಿಪಿಗಾಗಿ ಕಾದಿದ್ದೇವೆ. ನಿಗದಿಯಾದ ದಿನಗಳಲ್ಲಿ ಮುಗಿಯದ್ದರಿಂದ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಹಿಗ್ಗಿಸಿದರು. ನನ್ನ ತಂದೆಯ ಕಥೆ ಗೊತ್ತಿರುವ ನಾನು ಇಂಥ ಎಣಿಕೆ ಬೇಡ ಎಂದು ಹೇಳಲಾರೆ. ಯಾರು ಎಲ್ಲಿ ಉಳಿದಿದ್ದಾರೆ ಎಂಬುದು ಲೆಕ್ಕಕ್ಕೆ ಸಿಗಲೇಬೇಕು. ನನ್ನ ತಕರಾರು ಬೇರೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಆ ಸಾಲು ಬರೆದವರಿಗೆ ತರಗತಿಯ ಒಂದು ಗಂಟೆಗೆ ಬೆಲೆ ಇದೆ ಎಂಬುದು ಗೊತ್ತಿತ್ತು. ನಮ್ಮನ್ನು ಹಟ್ಟಿಗೆ ಕಳಿಸುವವರು, ಊರಿನವರೆಲ್ಲರೂ ನಂಬುವ, ಓದು ಬರಹ ಬಲ್ಲ, ಕರೆದ ಕೂಡಲೇ ಬರುವ ನೌಕರರು ಎಂದು ನಮಗೆ ಬೆಲೆ ಕಟ್ಟುತ್ತಾರೆ. ಅದು ನಿಜವಾದ ಬೆಲೆಯೇ, ಆದರೆ ಪಾಠಕ್ಕೆ ಕಟ್ಟಿದ್ದಲ್ಲ.

ಹೀಗೆ ಹದಿನೇಳು ವರ್ಷದಲ್ಲಿ ನಾನು ಬಂದು ನಿಂತಿರುವ ಜಾಗ ವಿಚಿತ್ರವಾಗಿದೆ. ಸರ್ಕಾರ ನನಗೆ ಒಳ್ಳೆಯ ಸಂಬಳ ಕೊಡುತ್ತದೆ, ಪಾಠ ಮಾಡಲು ಬಿಡುವು ಕೊಡುವುದಿಲ್ಲ. ಪಾಠವನ್ನು ಬೆಳಗಿನಿಂದ ಸಂಜೆಯವರೆಗೆ ಮಾಡುವ ನನ್ನ ಸಹೋದ್ಯೋಗಿಗೆ ಸಂಬಳ ಕೊಡುವುದಿಲ್ಲ. ನನ್ನ ಸಂಬಳವನ್ನು ಕೊಟ್ಟು ಗುಮಾಸ್ತೆಯ ಕೆಲಸ ತೆಗೆದುಕೊಳ್ಳುವುದು ಖಜಾನೆಗೆ ಲಾಭವೋ ನಷ್ಟವೋ ಎಂಬುದನ್ನು ಲೆಕ್ಕ ಬಲ್ಲವರು ಹೇಳಬೇಕು. ಐದನೇ ತರಗತಿಯ ಭಾಗಾಕಾರದ ಪಾಠಕ್ಕೆ ಅದು ನಷ್ಟ.

ಅವರ ಕೋಣೆಯನ್ನು ನೀವು ನೋಡಬೇಕು. ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನ ಕೋಟೆಯಲ್ಲಿ ಶಿಕ್ಷಕರೇ ಸೇರಿ ಕಟ್ಟಿದ ಪದ್ಧತಿ, 2009-10ರಿಂದ ರಾಜ್ಯದ ಎಲ್ಲ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಬಂತು. ಗೋಡೆಯ ಮೇಲೆ ಕಲಿಕಾ ಏಣಿ, ನೆಲದ ಮೇಲೆ ಐದು ತಟ್ಟೆಗಳು. ಪೂರ್ತಿ ಶಿಕ್ಷಕರ ನೆರವು ಬೇಕಾದವರು ಒಂದರ ಸುತ್ತ, ಅರ್ಧ ನೆರವು ಬೇಕಾದವರು ಇನ್ನೊಂದರ ಸುತ್ತ, ಗೆಳೆಯರ ನೆರವಿನಲ್ಲಿ ಕಲಿಯುವವರು ಎರಡರ ಸುತ್ತ, ತಾವೇ ಕಲಿಯುವವರು ಕೊನೆಯದರ ಸುತ್ತ. ಅಕ್ಷರಗಳು ಅ, ಆ ಎಂದು ಆರಂಭವಾಗುವುದಿಲ್ಲ; ರ, ಗ, ಸ, ದ, ಅ ಎಂದು, ಕೈಗೆ ಸುಲಭವಾಗಿ ತಿರುಗುವ ಆಕಾರಗಳಿಂದ. “ಇದೇನ್ ಮೇಡಂ, ನಮ್ ಹುಡುಗಿಗೆ ಅ ಆ ಇ ಈನೇ ಬರಲ್ಲ, ಅರಸ ಅಂತ ಓದ್ತಾಳೆ” ಎಂದು ಒಬ್ಬ ಅಜ್ಜ ಜಗಳಕ್ಕೆ ಬಂದಿದ್ದರು. ಸಣ್ಣ ಮಿಸ್ ಅವರನ್ನು ಚಾಪೆಯ ಮೇಲೆ ಕೂರಿಸಿ, ಮೊಮ್ಮಗಳ ಕೈಯಿಂದಲೇ ‘ಸರ’, ‘ಗರ’, ‘ದರ’ ಬರೆಸಿ, ಅಜ್ಜನ ಕೈಗೂ ಒಂದು ಬಳಪ ಕೊಟ್ಟರು. ಅವರು ಬರೆದ ‘ರ’ ಗಾಡಿಯ ಗಾಲಿಯಷ್ಟು ದೊಡ್ಡದಿತ್ತು.

ಚೆನ್ನಾಗಿ ನಡೆಯುವ ನಲಿ-ಕಲಿ ಕೋಣೆಯಲ್ಲಿ ಸದ್ದು ಇರುತ್ತದೆ, ಗಲಾಟೆ ಇರುವುದಿಲ್ಲ. ಎರಡರ ವ್ಯತ್ಯಾಸ ಗೊತ್ತಾಗಲು ಹತ್ತು ವರ್ಷದ ಕಿವಿ ಬೇಕು. ಇವರಿಗೆ ಅದು ಮೂರೇ ವರ್ಷದಲ್ಲಿ ಬಂತು. ಕಾಫಿ ತೋಟದ ಕೆಲಸಕ್ಕೆ ತಂದೆ ತಾಯಿಯರ ಜೊತೆ ಘಟ್ಟದ ಕಡೆ ಹೋಗಿ, ಮೂರು ತಿಂಗಳ ಮೇಲೆ ಮರಳಿದ ಹುಡುಗಿ ಯಾವ ಮೆಟ್ಟಿಲಲ್ಲಿ ನಿಂತಿದ್ದಳು ಎಂಬುದು ಅವರಿಗೆ ಪುಸ್ತಕ ನೋಡದೆ ನೆನಪಿರುತ್ತದೆ. ಅವಳನ್ನು ಅದೇ ಮೆಟ್ಟಿಲಿಂದ ಹತ್ತಿಸುತ್ತಾರೆ. ಈ ನೆನಪೇ ಶಿಕ್ಷಕರ ಬಂಡವಾಳ ಎಂದು ನನ್ನ ಅನಿಸಿಕೆ. ಅವರ ಆದೇಶಪತ್ರದಲ್ಲಿ ಮಾತ್ರ ‘ಶೈಕ್ಷಣಿಕ ವರ್ಷದ ಅಂತ್ಯದವರೆಗೆ ಅಥವಾ ಕಾಯಂ ಶಿಕ್ಷಕರು ಬರುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ’ ಎಂದಿರುತ್ತದೆ. ಅಂದರೆ ಯಾರಾದರೂ ವರ್ಗವಾಗಿ ಬಂದರೆ ಆ ನೆನಪು ಅದೇ ಮಧ್ಯಾಹ್ನ ಮನೆಗೆ ಹೋಗಬೇಕು.

ಈಚೆಗೆ ನಮ್ಮಿಬ್ಬರ ನಡುವೆ ಹೊಸ ಸಂಬಂಧವೊಂದು ಶುರುವಾಗಿದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು. ನಾನು ಸೇರಿದಾಗ ರಾಜ್ಯದಲ್ಲಿ ಟಿಇಟಿ ಎಂಬುದೇ ಇರಲಿಲ್ಲ. ಸಣ್ಣ ಮಿಸ್ ಡಿಎಡ್ ಮುಗಿಸಿ, ಟಿಇಟಿ ಪಾಸಾಗಿ, ನೇಮಕಾತಿಗಾಗಿ ಕಾಯುತ್ತ ಕುಳಿತವರು. ಹೀಗಾಗಿ ಈಗ ಮಕ್ಕಳು ಊಟ ಮಾಡಿ ಕೈತೊಳೆಯುವ ಹೊತ್ತಿನಲ್ಲಿ ಅವರು ನನಗೆ ಮಕ್ಕಳ ಬೆಳವಣಿಗೆ ಮತ್ತು ಬೋಧನಾಶಾಸ್ತ್ರದ ಪ್ರಶ್ನೆಗಳನ್ನು ಬಿಡಿಸಿ ಹೇಳುತ್ತಾರೆ. ಮಕ್ಕಳ ಬುದ್ಧಿ ಬೆಳೆಯುವ ಬಗ್ಗೆ ಮನಶ್ಶಾಸ್ತ್ರಜ್ಞ ಪಿಯಾಜೆ ಹೇಳಿದ ಹಂತಗಳು ನನಗೆ ಇಪ್ಪತ್ತು ವರ್ಷದ ಹಿಂದೆ ಬಾಯಿಪಾಠವಿದ್ದವು. ಈಗ ಅವು ಒಂದರೊಳಗೊಂದು ಕಲಸಿಕೊಂಡಿವೆ. ತಪ್ಪು ಮಾಡಿದಾಗ ಅವರು ಒಂದನೇ ತರಗತಿಯ ಮಕ್ಕಳಿಗೆ ಹೇಳುವ ದನಿಯಲ್ಲೇ “ಇನ್ನೊಂದ್ಸಲ ನೋಡಿ ಮೇಡಂ” ಎನ್ನುತ್ತಾರೆ. ಪಾಸಾಗಿರುವ ಅವರು ನೋಟ್‌ಬುಕ್ಕಿನಲ್ಲೂ, ಪಾಸಾಗಬೇಕಾದ ನಾನು ಅಚ್ಚಿನ ಪುಸ್ತಕದಲ್ಲೂ ಸಹಿ ಮಾಡುತ್ತೇವೆ.

ಶಿಕ್ಷಕರ ಬೆಲೆಯನ್ನು ಫಲಿತಾಂಶದಿಂದ ಅಳೆಯುವ ಪದ್ಧತಿಯೂ ಇದೆ, ಅದರ ಬಗ್ಗೆ ಎರಡೇ ಮಾತು. 2023ರ ಎಸ್‌ಎಸ್‌ಎಲ್‌ಸಿಯಲ್ಲಿ ಚಿತ್ರದುರ್ಗ ಜಿಲ್ಲೆ ರಾಜ್ಯಕ್ಕೇ ಮೊದಲಾಗಿ ಬಂದಾಗ ಅಲ್ಲಿ ಹೈಸ್ಕೂಲಿನಲ್ಲಿರುವ ನನ್ನ ಗೆಳತಿಗೂ ಹಾರ ಬಿತ್ತು. ಮರು ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದು ಇಡೀ ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿದು, ಜಿಲ್ಲೆಯ ಮೊದಲ ಸ್ಥಾನವೂ ಹೋದಾಗ ಅವಳಿಗೆ ಕಾರಣ ಕೇಳಿ ಕಾಗದ ಬಂತು. ನಡುವೆ ಅವಳು ಕಲಿಸುವ ರೀತಿಯಲ್ಲಿ ಬದಲಾದದ್ದು ಏನೂ ಇಲ್ಲ.

2025ರ ಮೇ ತಿಂಗಳ ಕೊನೆಯ ವಾರ, ಸಮೀಕ್ಷೆಯ ಓಡಾಟ ಮುಗಿದ ಮೇಲೆ, ಅಕ್ಕನ ಮಗಳ ಮದುವೆಗೆ ಸೀರೆ ತರಲು ನಾವು ದಾವಣಗೆರೆಯ ಚೌಕಿಪೇಟೆಗೆ ಹೋದೆವು. ಲಗ್ನದ ಕಾಲ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಮಾಳಿಗೆಯ ಮೇಲೆ ಬಿಳಿ ಹಾಸಿನ ಮೇಲೆ ಕುಳಿತು ಒಂದರ ಮೇಲೊಂದು ಸೀರೆ ಬಿಚ್ಚಿ ಹರವುತ್ತಿದ್ದವರು ತಲೆ ಎತ್ತಿದಾಗ ನೋಡಿದರೆ ಸಣ್ಣ ಮಿಸ್. ನನಗೆ ಮಾತು ಹೊರಡಲಿಲ್ಲ. ಅವರೇ, “ಬನ್ನಿ ಮೇಡಂ, ಕೂತ್ಕೊಳ್ಳಿ, ಯಾವ ಥರದ್ದು ತೋರಿಸ್ಲಿ” ಎಂದರು. ಬೇಸಿಗೆ ರಜೆಯಲ್ಲಿ ಅವರಿಗೆ ಗೌರವಧನವಿಲ್ಲ ಎಂಬುದು ನನಗೆ ಗೊತ್ತಿರದ ಸಂಗತಿಯಲ್ಲ. ಪ್ರತಿ ಏಪ್ರಿಲ್‌ನಲ್ಲಿ ಬಿಡುಗಡೆ ಪತ್ರಕ್ಕೆ ಸಹಿ ಹಾಕುವವಳು ನಾನೇ. ಆದರೆ ಆ ಎರಡು ತಿಂಗಳು ಅವರು ಏನು ಮಾಡುತ್ತಾರೆ ಎಂದು ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕೇಳದಿದ್ದುದು ಸಂಕೋಚದಿಂದ ಎಂದು ಮನಸ್ಸಿಗೆ ಹೇಳಿಕೊಂಡಿದ್ದೆ. ನನ್ನ ಅಕ್ಕ ಮೊಳಕಾಲ್ಮೂರಿನ ಸೀರೆಯೊಂದರ ಸೆರಗು ಹಿಡಿದು ಚೌಕಾಸಿ ಮಾಡುತ್ತಿದ್ದಾಗ ನಾನು ಅವರ ಪಕ್ಕದಲ್ಲಿ ಕುಳಿತೆ. “ಇಲ್ಲಿ ಸಂಜೆ ಮನೆಗೆ ಹೋಗುವಾಗ ದಿನದ ದುಡ್ಡು ಕೈಗೇ ಕೊಡ್ತಾರೆ ಮೇಡಂ” ಎಂದರು. ಅದರಲ್ಲಿ ದೂರು ಇರಲಿಲ್ಲ, ಇರುವ ಒಂದು ಅನುಕೂಲವನ್ನು ಹೇಳಿದ ದನಿ ಅದು. ಸೀರೆ ಗೊತ್ತಾದ ಮೇಲೆ ಚೀಟಿ ಬರೆದುಕೊಟ್ಟರು. ಅದೇ ದುಂಡನೆಯ ಅಕ್ಷರ, ಕರಿಹಲಗೆಯ ಮೇಲೆ ನಾನು ಐದು ವರ್ಷದಿಂದ ನೋಡುತ್ತಿರುವುದು. ಏಳರ ಅಂಕಿಯ ಬಾಲ ಮಾತ್ರ ಅವಸರದಲ್ಲಿ ಸ್ವಲ್ಪ ಉದ್ದವಾಗಿತ್ತು.

ಆ ಸೀರೆಯ ಹಣವನ್ನು ನಾನು ಕೊಟ್ಟದ್ದು ಮೇ ತಿಂಗಳ ಸಂಬಳದಿಂದ, ಅಂದರೆ ಶಾಲೆಯೇ ಇಲ್ಲದ ತಿಂಗಳ ಸಂಬಳದಿಂದ.

ಇದನ್ನೆಲ್ಲ ಬರೆಯುವ ಅಧಿಕಾರ ನಿಮಗೇನಿದೆ ಎಂದು ಕೇಳಬಹುದು. ನಮ್ಮ ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಅಧ್ಯಕ್ಷರು ಒಮ್ಮೆ, ಮಕ್ಕಳನ್ನು ಸರ್ಕಾರಿ ಶಾಲೆಗೇ ಸೇರಿಸಿ ಎಂದು ನಾನು ಮನೆ ಮನೆ ತಿರುಗುತ್ತಿದ್ದಾಗ, “ನಿಮ್ ಮಗಳು ಎಲ್ಲಿ ಓದ್ತಾಳೆ ಮೇಡಂ?” ಎಂದು ನಗುತ್ತ ಕೇಳಿದ್ದರು. ದಾವಣಗೆರೆಯ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ. ಅದನ್ನು ಸಮರ್ಥಿಸಿಕೊಳ್ಳಲು ನನ್ನ ಬಳಿ ಮಾತುಗಳಿವೆ, ಅವು ಎಲ್ಲ ತಂದೆ ತಾಯಿಯರ ಬಳಿಯೂ ಇರುತ್ತವೆ. ಅಲ್ಲಿನ ಶಿಕ್ಷಕಿಯರ ಸಂಬಳದ ಬಗ್ಗೆ ನನಗೆ ತಿಳಿದಿರುವುದು ನಮ್ಮ ಬೀದಿಯ ಒಬ್ಬರಿಂದ. ಬಿಎಡ್ ಆದ ಅವರು ಕೊರೊನಾ ಕಾಲದಲ್ಲಿ ತಿಂಗಳುಗಟ್ಟಲೆ ಬರಿಗೈಯಲ್ಲಿದ್ದು, 2021ರಲ್ಲಿ ಸರ್ಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆಂದು ಕೊಟ್ಟ ಐದು ಸಾವಿರ ರೂಪಾಯಿಗೆ ಅರ್ಜಿ ಹಾಕಲು ನನ್ನ ಬಳಿ ಬಂದಿದ್ದರು. ಅಂದರೆ ನನ್ನ ಮಗಳಿಗೆ ಕಲಿಸುವವರನ್ನೂ, ನಾನು ಸಹಿ ಹಾಕುವ ಶಾಲೆಯಲ್ಲಿ ಕಲಿಸುವವರನ್ನೂ ನಾನು ಅಗ್ಗದಲ್ಲೇ ಪಡೆದಿದ್ದೇನೆ.

ಮಾಡಬೇಕಾದ್ದೇನು ಎಂಬುದು ಅಷ್ಟು ಕಗ್ಗಂಟಿನ ವಿಷಯ ಎಂದು ನನಗನಿಸುವುದಿಲ್ಲ. ಪ್ರತಿ ವರ್ಷ ಐವತ್ತು ಸಾವಿರದಷ್ಟು ಅತಿಥಿ ಶಿಕ್ಷಕರು ಬೇಕಾಗುತ್ತಾರೆಂದರೆ ಅದು ತಾತ್ಕಾಲಿಕ ಅಗತ್ಯವಲ್ಲ, ಕಾಯಂ ಹುದ್ದೆಗಳನ್ನೇ ತುಂಬಬೇಕು. ಅದು ಆಗುವವರೆಗೆ ಹತ್ತು ತಿಂಗಳ ಬದಲು ಹನ್ನೆರಡು ತಿಂಗಳ ಹಣ ಕೊಡಲಿ, ಅದು ತಿಂಗಳ ಒಂದು ಗೊತ್ತಾದ ದಿನ ಬರಲಿ, ಅದೇ ಶಾಲೆಯಲ್ಲಿ ಕಲಿಸಿದ ವರ್ಷಗಳಿಗೆ ನೇಮಕಾತಿಯಲ್ಲಿ ತೂಕವಿರಲಿ. ನಾಲ್ಕೈದು ಶಾಲೆಗಳಿಗೆ ಒಬ್ಬ ಗುಮಾಸ್ತರನ್ನು ಕೊಟ್ಟರೆ ನಾನು ನಡುವಿನ ಬಾಗಿಲನ್ನು ದಾಟಿ ನನ್ನ ಮಕ್ಕಳನ್ನು ವಾಪಸು ಕರೆದುಕೊಂಡು ಬರುತ್ತೇನೆ. ಕಾಯಂ ಶಿಕ್ಷಕರ ಸಂಘಗಳ ಬೇಡಿಕೆ ಪಟ್ಟಿಯಲ್ಲಿ ಅತಿಥಿ ಶಿಕ್ಷಕರ ಹೆಸರು ಎಷ್ಟನೆಯ ಸಾಲಿನಲ್ಲಿ ಬರುತ್ತದೆ ಎಂಬುದನ್ನೂ ನಾವು ನೋಡಿಕೊಳ್ಳಬೇಕು. ನಾನೂ ಆ ಸಂಘದ ಸದಸ್ಯೆ, ವಂತಿಗೆ ಕೊಡುವವಳು, ಮುಷ್ಕರದ ದಿನ ಶಾಲೆಯನ್ನು ಅತಿಥಿ ಶಿಕ್ಷಕಿಗೆ ಒಪ್ಪಿಸಿ ಬಸ್ಸು ಹತ್ತುವವಳು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಸಣ್ಣ ಮಿಸ್ ಬಹಳ ಸಂತೋಷಪಟ್ಟಿದ್ದರು. ನಮ್ಮ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು. ಅವರು ಈಗಲೂ ಮೂರು ಖಾಸಗಿ ಬಸ್ಸು ಬಿಟ್ಟು, ಸರ್ಕಾರಿ ಬಸ್ಸಿಗಾಗಿ ಕಾದು, ಬಿಟ್ಟಿ ಟಿಕೆಟ್ಟಿನಲ್ಲಿ ಬರುತ್ತಾರೆ. ಕೆಲವು ದಿನ ಹತ್ತು ನಿಮಿಷ ತಡವಾಗುತ್ತದೆ. ಓಡುತ್ತ ಬಂದು, ಮೊದಲು ನೋಟ್‌ಬುಕ್ಕಿನ ಹತ್ತಿರ ಹೋಗುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ನಾನು ಸಮಯದ ಕಾಲಂ ಅನ್ನು ಖಾಲಿ ಬಿಡಲು ಹೇಳಿದ್ದೇನೆ.

ಇಂದು ಶನಿವಾರ, ಬೆಳಗಿನ ಶಾಲೆ. ಮಕ್ಕಳು ಹೋದ ಮೇಲೆ ಮುಂದಿನ ತಿಂಗಳಿಗೆ ಮನೆಗಳನ್ನು ಎಳೆಯಲು ಕುಳಿತೆ. ಅಚ್ಚಿನ ಪುಸ್ತಕದಲ್ಲಿ ಏಪ್ರಿಲ್‌ಗೆ ಮೂವತ್ತು ಮನೆಗಳಿವೆ, ಅದರಲ್ಲಿ ನನ್ನ ಕೆಲಸ ಏನೂ ಇಲ್ಲ. ನೋಟ್‌ಬುಕ್ಕಿನಲ್ಲಿ ಸ್ಕೇಲು ಇಟ್ಟು ಒಂದರಿಂದ ಹತ್ತರವರೆಗೆ ಎಳೆದು, ಪೆನ್ನಿನ ಮುಚ್ಚಳ ಹಾಕಿದೆ.